ಬ್ಲಾಕ್ 40% ಅಂದರೆ ಚಿಕ್ಕದಾ? ರಕ್ತನಾಳದ ಗೋಡೆಯೊಳಗೆ ನಿಜವಾಗಿ ನಡೆಯುವುದೇನು?

ಕುಂದವಾಡ ದಂಡೆ · ಭಾನುವಾರ, ಬೆಳಿಗ್ಗೆ 8:10

ನಮಸ್ಕಾರ. ನನ್ನ ವಯಸ್ಸು 47. ದಾವಣಗೆರೆಯ ಮಂಡಿಪೇಟೆಯಲ್ಲಿ ಅಕ್ಕಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಸಿಗರೇಟು ಇಲ್ಲ, ಕುಡಿತ ಇಲ್ಲ. ಬೆಣ್ಣೆ ದೋಸೆ ಇದೆ, ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ಸಿಟಿ ಆಂಜಿಯೋ ಮಾಡಿಸಿದೆ. ಹೃದಯದ ಎಡಗಡೆಯ ನಾಳದಲ್ಲಿ 40% ಬ್ಲಾಕ್ ಅಂದರು. ಸ್ಟೆಂಟ್ ಬೇಡ, ಮಾತ್ರೆ ತಗೊಳ್ಳಿ ಅಂದರು. ಖುಷಿಯಾಗಿ ಮನೆಗೆ ಬಂದೆ. ಆಮೇಲೆ ತಲೆಗೆ ಹುಳ ಬಿತ್ತು. ನನ್ನ ಜೊತೆ ನಡೆಯುವ ಗೆಳೆಯನಿಗೂ ಎರಡು ವರ್ಷದ ಹಿಂದೆ ಹೀಗೇ 'ಚಿಕ್ಕ ಬ್ಲಾಕ್' ಅಂದಿದ್ದರು. ಆರು ತಿಂಗಳು ಮಾತ್ರೆ ನುಂಗಿ ಬಿಟ್ಟುಬಿಟ್ಟ. ಈ ಯುಗಾದಿಯ ಮರುದಿನ ಅಟ್ಯಾಕ್ ಆಯಿತು. ಪುಣ್ಯ, ಬದುಕಿದ.

ಅರ್ಧಕ್ಕಿಂತ ಜಾಸ್ತಿ ದಾರಿ ತೆರೆದೇ ಇತ್ತಲ್ಲ, ಮತ್ತೆ ಅಟ್ಯಾಕ್ ಹೇಗೆ ಆಯಿತು? ನಲ್ಲಿ ಪೈಪಿನಲ್ಲಿ ಕೊಳೆ ಕಟ್ಟಿದ ಹಾಗೆ ಕೊಬ್ಬು ಕಟ್ಟುತ್ತದೆ ಅಂದುಕೊಂಡಿದ್ದೆ. ಹಾಗಿದ್ದರೆ 40 ಇದ್ದದ್ದು 50 ಆಗಿ, 60 ಆಗಿ, ನಿಧಾನಕ್ಕೆ ಮುಚ್ಚಬೇಕು ಅಲ್ವಾ? ಡಾಕ್ಟರನ್ನೇ ಕೇಳೋಣ ಅಂದರೆ ಹೊರಗೆ ಅರವತ್ತು ಜನ ಕಾಯುತ್ತಿದ್ದರು.

ಕಾಕಾ 57 · ಬೆಳಿಗ್ಗೆ 8:32

ತಲೆ ಕೆಡಿಸಿಕೊಳ್ಳಬೇಡಿ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ವಿನೆಗರ್. ಸಮ ಸಮ ಕುದಿಸಿ ಜೇನು ಹಾಕಿ ದಿನಾ ಮೂರು ಚಮಚ. ಬ್ಲಾಕ್ ಕರಗಿ ಹೋಗುತ್ತದೆ. ನಮ್ಮ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು.

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 9:45

ಕಾಕಾ, ನಿಮ್ಮ ಕಷಾಯ ಸಾರಿಗೆ ಒಗ್ಗರಣೆಯಾಗಿ ಚೆನ್ನಾಗಿರುತ್ತದೆ. ಬ್ಲಾಕ್ ಕರಗಲ್ಲ. ಯಾಕೆ ಅಂತ ಹೇಳಬೇಕಾದರೆ ಆ ಪೈಪಿನ ಕಥೆಯನ್ನೇ ಮೊದಲು ಬಿಡಬೇಕು. ಮೂವತ್ತು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವನು ನಾನು, ಉದ್ದ ಬರೆಯುವ ಚಟ. ಸಹಿಸಿಕೊಳ್ಳಿ.

ಪೈಪಿನಲ್ಲಿ ಕೊಳೆ ಒಳಮೈಗೆ ಮೆತ್ತಿಕೊಳ್ಳುತ್ತದೆ. ರಕ್ತನಾಳದಲ್ಲಿ ಹಾಗಲ್ಲ. ಕೊಬ್ಬು ಸೇರುವುದು ಗೋಡೆಯ ಮೇಲಲ್ಲ, ಗೋಡೆಯ ಒಳಗೆ. ನಾಳದ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳ ಹಾಸು ಇದೆ. ಎಂಡೋಥೀಲಿಯಂ ಅನ್ನುತ್ತಾರೆ. ಅದರ ಕೆಳಗೆ ತೆಳ್ಳಗಿನ ಜಾಗ. ಕಥೆಯೆಲ್ಲಾ ನಡೆಯುವುದು ಅಲ್ಲಿ.

ರಕ್ತದಲ್ಲಿ ಕೊಲೆಸ್ಟರಾಲ್ ಒಂಟಿಯಾಗಿ ತೇಲುವುದಿಲ್ಲ. ಎಣ್ಣೆ ನೀರಲ್ಲಿ ಬೆರೆಯಲ್ಲವಲ್ಲ. ಅದಕ್ಕೇ ಸಣ್ಣ ಉಂಡೆಗಳಲ್ಲಿ ಸವಾರಿ ಮಾಡುತ್ತದೆ. ಆ ಉಂಡೆಯೇ ಎಲ್‌ಡಿಎಲ್. ಅಗಲ ಸುಮಾರು 22 ನ್ಯಾನೊಮೀಟರ್. ಒಂದು ಮಿಲಿಮೀಟರ್‌ನಲ್ಲಿ ನಲವತ್ತು ಸಾವಿರಕ್ಕಿಂತ ಜಾಸ್ತಿ ಉಂಡೆಗಳು ಸಾಲಾಗಿ ಕೂರುತ್ತವೆ. ಪ್ರತಿ ಉಂಡೆಯ ಸುತ್ತ ಅಪೊ-ಬಿ ಅನ್ನುವ ಒಂದೇ ಒಂದು ಉದ್ದ ಪ್ರೋಟೀನು, ಹೂವಿನ ಕಟ್ಟಿಗೆ ಸುತ್ತಿದ ದಾರದ ಹಾಗೆ. ಉಂಡೆ ಗೋಡೆಯೊಳಗೆ ಹೋಗುತ್ತದೆ, ಬರುತ್ತದೆ. ಹೋಗಿ ಬಂದರೆ ತೊಂದರೆ ಇಲ್ಲ. ಒಳಗೆ ಪ್ರೋಟಿಯೊಗ್ಲೈಕಾನ್ ಅನ್ನುವ ಅಂಟು ನಾರುಗಳಿವೆ. ಅವಕ್ಕೆ ಋಣ ಆವೇಶ. ಅಪೊ-ಬಿಯ ಮೇಲೆ ಅಲ್ಲಲ್ಲಿ ಧನ ಆವೇಶ. ಎರಡೂ ಹಿಡಿದುಕೊಂಡವು ಅಂದರೆ ಉಂಡೆ ಅಲ್ಲೇ ಸಿಕ್ಕಿಬಿತ್ತು. ರೋಗದ ಮೊದಲ ಹೆಜ್ಜೆ ಇದೇ ಅನ್ನುವ ವಾದವನ್ನು 1995ರಲ್ಲಿ ವಿಲಿಯಮ್ಸ್ ಮತ್ತು ಟಾಬಸ್ ಮುಂದಿಟ್ಟರು. ಅದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಸಿಕ್ಕಿಬಿದ್ದ ಉಂಡೆ ಹಳಸುತ್ತದೆ. ಆಕ್ಸಿಡೀಕರಣ ಆಗುತ್ತದೆ. ತೆರೆದಿಟ್ಟ ಎಣ್ಣೆ ಕಮಟು ಹಿಡಿಯುವುದೂ ಅದೇ ಜಾತಿಯ ಕೆಲಸ. ಹಳಸಿದ ಉಂಡೆ ಒಳಪದರದ ಕೋಶಗಳನ್ನು ಕೆಣಕುತ್ತದೆ. ಅವು ರಕ್ತದ ಕಡೆಗೆ ವಿಕ್ಯಾಮ್-1 ಅನ್ನುವ ಅಂಟು ಕೊಕ್ಕೆಗಳನ್ನು ಚಾಚುತ್ತವೆ. ಹಾದುಹೋಗುತ್ತಿದ್ದ ಮಾನೊಸೈಟ್ ಅನ್ನುವ ಬಿಳಿ ರಕ್ತಕೋಶಗಳು ಅದಕ್ಕೆ ಸಿಕ್ಕಿ, ಒಳಗೆ ನುಸುಳಿ, ಮ್ಯಾಕ್ರೊಫೇಜ್ ಆಗುತ್ತವೆ. ಮ್ಯಾಕ್ರೊಫೇಜ್ ಅಂದರೆ ಸ್ವಚ್ಛತಾ ಸಿಬ್ಬಂದಿ.

ಇಲ್ಲೊಂದು ಎಡವಟ್ಟಿದೆ. ಮಾಮೂಲಿ ಕೋಶದಲ್ಲಿ ಎಲ್‌ಡಿಎಲ್ ಒಳಗೆ ಬರುವ ಬಾಗಿಲಿಗೆ ಬುದ್ಧಿ ಇದೆ. ಹೊಟ್ಟೆ ತುಂಬಿದರೆ ಮುಚ್ಚುತ್ತದೆ. ಅದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಆದರೆ ಮ್ಯಾಕ್ರೊಫೇಜ್ ಹಳಸಿದ್ದನ್ನು ತಿನ್ನುವುದು ಬೇರೆ ಬಾಗಿಲಿನಿಂದ. ಸ್ಕ್ಯಾವೆಂಜರ್ ರಿಸೆಪ್ಟರ್ ಅಂತ. ಅದಕ್ಕೆ 'ಸಾಕು' ಅನ್ನುವುದು ಗೊತ್ತೇ ಇಲ್ಲ. ಮದುವೆ ಮನೆಯಲ್ಲಿ ಬಲವಂತವಾಗಿ ಹೋಳಿಗೆ ಬಡಿಸಿದ ಹಾಗೆ ತುಂಬುತ್ತಲೇ ಇರುತ್ತದೆ. ಹೀಗೆ ಉಬ್ಬಿದ ಕೋಶ ಸೂಕ್ಷ್ಮದರ್ಶಕದಲ್ಲಿ ನೊರೆಯ ಹಾಗೆ ಕಾಣುತ್ತದೆ. ಅದಕ್ಕೇ ನೊರೆಕೋಶ ಅನ್ನುತ್ತಾರೆ.

ಈಗ ಹೇಳಿ ಕಾಕಾ. ನಿಮ್ಮ ನಿಂಬೆ ರಸ ಹೊಟ್ಟೆಯಲ್ಲಿ ಜೀರ್ಣವಾಗಿ, ರಕ್ತಕ್ಕೆ ಹೋಗಿ, ಗೋಡೆ ತೂರಿ, ಸತ್ತೂ ಸಾಯದ ಕೋಶದ ಹೊಟ್ಟೆಯಿಂದ ಕೊಬ್ಬು ತೆಗೆಯುವುದು ಹೇಗೆ?

ಕಾಕಾ 57 · ಬೆಳಿಗ್ಗೆ 9:58

ನಮ್ಮ ಅಜ್ಜ 92 ವರ್ಷ ಬದುಕಿದ್ದರು. ಬೆಳ್ಳುಳ್ಳಿ ಹಸಿದೇ ತಿನ್ನುತ್ತಿದ್ದರು. ಅಷ್ಟೇ ಹೇಳುವುದು.

ತೋಟದ ಮನೆ · ಬೆಳಿಗ್ಗೆ 10:20

ಮೇಷ್ಟ್ರೇ, ಚನ್ನಗಿರಿ ಕಡೆ ಅಡಿಕೆ ತೋಟ ನಮ್ಮದು. ಒಂದು ಅನುಮಾನ. ರಕ್ತ ಮೈಯೆಲ್ಲಾ ಒಂದೇ. ಕೊಲೆಸ್ಟರಾಲೂ ಒಂದೇ. ಮತ್ತೆ ಬ್ಲಾಕ್ ಯಾವಾಗಲೂ ಕವಲು ಒಡೆಯುವ ಜಾಗದಲ್ಲೇ ಅಂತಾರಲ್ಲ, ಅದ್ಯಾಕೆ? ಭದ್ರಾ ನಾಲೆಯಲ್ಲೂ ತೂಬಿನ ಹತ್ತಿರ ನೀರು ಸುಳಿ ತಿರುಗುವ ಕಡೆಯೇ ಹೂಳು ನಿಲ್ಲುತ್ತದೆ.

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 10:41

ಒಳ್ಳೆ ಪ್ರಶ್ನೆ. ಜಾಗ ನೀವು ಹೇಳಿದ್ದೇ, ಕಾರಣ ಮಾತ್ರ ಬೇರೆ. ನಾಲೆಯ ದಂಡೆಗೆ ಜೀವ ಇಲ್ಲ. ನಾಳದ ಗೋಡೆಗೆ ಇದೆ. ಒಳಪದರದ ಕೋಶಗಳು ರಕ್ತ ಎಷ್ಟು ರಭಸದಲ್ಲಿ ಸವರಿಕೊಂಡು ಹೋಗುತ್ತಿದೆ ಅನ್ನುವುದನ್ನು ಮುಟ್ಟಿ ತಿಳಿಯುತ್ತವೆ. ನೇರ ಹರಿವು ಇದ್ದ ಕಡೆ ಅವು ಹರಿವಿನ ದಿಕ್ಕಿಗೆ ಉದ್ದಕ್ಕೆ ಮಲಗಿ, ಕೆಎಲ್‌ಎಫ್-2 ಅನ್ನುವ ಸ್ವಿಚ್ ಹಾಕಿಕೊಂಡು, ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಅದು ನಾಳವನ್ನು ಸಡಿಲ ಮಾಡುತ್ತದೆ, ಹೆಪ್ಪು ಕಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟದಂತೆ ನೋಡಿಕೊಳ್ಳುತ್ತದೆ. ಈ ಅನಿಲದ ಕೆಲಸ ತೋರಿಸಿದ್ದಕ್ಕೂ 1998ರಲ್ಲಿ ನೊಬೆಲ್.

ಕವಲಿನಲ್ಲಿ ರಕ್ತ ಹಿಂದೆ ಮುಂದೆ ತೂಗುತ್ತದೆ. ಅಲ್ಲಿನ ಕೋಶಗಳು ದಿಕ್ಕು ತಪ್ಪಿ ಅಡ್ಡಾದಿಡ್ಡಿ ನಿಲ್ಲುತ್ತವೆ. ಆ ಸ್ವಿಚ್ ಆರುತ್ತದೆ, ಉರಿಯೂತದ ಸ್ವಿಚ್ ಎನ್‌ಎಫ್-ಕಪ್ಪಾಬಿ ಹೊತ್ತುತ್ತದೆ. ಹೂಳು ಬಂದು ನಿಂತದ್ದಲ್ಲ. ದಂಡೆಯೇ ಸ್ವಭಾವ ಬದಲಿಸಿ ಬಾಗಿಲು ತೆರೆದದ್ದು.

ದುರ್ಗದವಳು · ಬೆಳಿಗ್ಗೆ 11:15

ಬಾಗಿಲು ಅಂದಿರಿ, ನಾನು ಬರಲೇಬೇಕಾಯಿತು. ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈ ಪಾಠಕ್ಕೆ ನನ್ನ ಉದಾಹರಣೆ ಓಬವ್ವನ ಕಿಂಡಿ. ನಗಬೇಡಿ.

ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಿದರು, ಓಬವ್ವ ಒನಕೆಯಿಂದ ಹೊಡೆದಳು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಕಥೆಯಲ್ಲಿ ಇನ್ನೊಂದು ಕೆಲಸ ಇದೆ. ಅವಳು ಪ್ರತಿ ಹೆಣವನ್ನೂ ಪಕ್ಕಕ್ಕೆ ಎಳೆದು ಹಾಕಿದಳು. ಎಳೆಯದೇ ಇದ್ದಿದ್ದರೆ? ಕಿಂಡಿಯ ಬಾಯಲ್ಲೇ ಹೆಣದ ರಾಶಿ.

ಗೋಡೆಯೊಳಗೆ ಆಗುವುದು ಅದೇ. ಕೊಬ್ಬು ತಿಂದು ತಿಂದು ನೊರೆಕೋಶಗಳು ಸಾಯುತ್ತವೆ. ಶುರುವಿನಲ್ಲಿ ಬೇರೆ ಮ್ಯಾಕ್ರೊಫೇಜ್‌ಗಳು ಬಂದು ಸತ್ತವನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಇದಕ್ಕೆ ಎಫೆರೊಸೈಟೋಸಿಸ್ ಅನ್ನುತ್ತಾರೆ. ಹೆಣ ಹೊರುವುದು ಅಂತಲೇ ಅದರ ಮೂಲ ಅರ್ಥ. ವರ್ಷಗಳು ಕಳೆದಂತೆ ಈ ಕೆಲಸ ಸೋಲುತ್ತದೆ. ಹೆಣಗಳು ಅಲ್ಲೇ ಕೊಳೆತು ಒಡೆಯುತ್ತವೆ. ಒಳಗಿದ್ದ ಕೊಬ್ಬು, ಕಿಣ್ವ ಎಲ್ಲಾ ಚೆಲ್ಲಿ ನಡುವೆ ಒಂದು ಮೆತ್ತನೆ ಗುಳಿ ಆಗುತ್ತದೆ. ಪ್ಲಾಕ್, ಅಂದರೆ ನಾವು ಬ್ಲಾಕ್ ಅನ್ನುವ ಈ ಉಬ್ಬು, ಬರೀ ಕೊಬ್ಬಿನ ಮುದ್ದೆ ಅಂದುಕೊಂಡರೆ ತಪ್ಪು. ಅದು ಗೋಡೆಯೊಳಗಿನ ಕುರು. ಒಳಗೆ ಕೀವಿನಂಥದ್ದು, ಮೇಲೆ ಚರ್ಮ.

ಅಲ್ಲಿ ಕೊಲೆಸ್ಟರಾಲ್ ಸೂಜಿಯಂಥ ಹರಳುಗಳಾಗಿಯೂ ಕಟ್ಟುತ್ತದೆ. ಹರಳು ಮ್ಯಾಕ್ರೊಫೇಜ್‌ನ ಒಳಗೆ ಚುಚ್ಚಿದಾಗ ಎನ್‌ಎಲ್‌ಆರ್‌ಪಿ-3 ಅನ್ನುವ ಅಲಾರಂ ಹೊಡೆಯುತ್ತದೆ. ಇದು ಗೊತ್ತಾದದ್ದು 2010ರಲ್ಲಿ. ಅಲಾರಂ ಹೊಡೆದರೆ ಐಎಲ್-1 ಬೀಟಾ ಅನ್ನುವ ಸಂದೇಶ ಹೊರಗೆ ಹೋಗುತ್ತದೆ. ಅದರಿಂದ ಐಎಲ್-6 ಅನ್ನುವ ಇನ್ನೊಂದು ಸಂದೇಶ. ಅದು ಲಿವರಿಗೆ ಮುಟ್ಟಿ ಸಿಆರ್‌ಪಿ ಅನ್ನುವ ಪ್ರೋಟೀನು. ನಿಮ್ಮ ರಕ್ತ ಪರೀಕ್ಷೆಯಲ್ಲಿ 'ಎಚ್‌ಎಸ್-ಸಿಆರ್‌ಪಿ' ಅಂತ ಬರುವುದು ಈ ಸಾಲಿನ ಕೊನೆಯ ಹೊಗೆ. ಬೆಂಕಿ ಬೇರೆ ಕಡೆ ಇದೆ.

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 11:30

ಹೆಣದ ಉದಾಹರಣೆ ಭಾರಿ ಚೆನ್ನಾಗಿದೆ, ನನ್ನ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಕಿಂಡಿಗೆ ಮಾತ್ರ ನನ್ನ ತಕರಾರು. ಎಲ್‌ಡಿಎಲ್ ಬಹುಪಾಲು ಕೋಶಗಳ ನಡುವಿನ ಸಂದಿಯಿಂದ ನುಸುಳುವುದಲ್ಲ. ಕೋಶವೇ ಅದನ್ನು ಒಂದು ಕಡೆಯಿಂದ ಸಣ್ಣ ಚೀಲದಲ್ಲಿ ಎತ್ತಿಕೊಂಡು ಇನ್ನೊಂದು ಕಡೆ ಇಳಿಸುತ್ತದೆ. ಅಂದರೆ ಕಾವಲುಗಾರನೇ ಹೆಗಲ ಮೇಲೆ ಕೂರಿಸಿ ಒಳಗೆ ಬಿಟ್ಟ ಹಾಗೆ.

ದುರ್ಗದವಳು · ಬೆಳಿಗ್ಗೆ 11:34

ಆಯಿತು ಸರ್. ಕೋಟೆ ನಮ್ಮದು, ಕಿಂಡಿ ಇರಲಿ ಬಿಡಿ.

ಕಾವಲಿ · ಮಧ್ಯಾಹ್ನ 3:05

ಈಗ ಕೈ ಬಿಡುವಾಯಿತು. ದಾವಣಗೆರೆಯಲ್ಲೇ ಚಿಕ್ಕ ದೋಸೆ ಹೋಟೆಲ್ ನಮ್ಮದು. ಊರಲ್ಲಿ ಯಾರಿಗೆ ಅಟ್ಯಾಕ್ ಆದರೂ ಬೆಣ್ಣೆಗೇ ಬೈಗುಳ. ನಿಜ ಹೇಳಿ, ನನ್ನ ದೋಸೆಯ ಬೆಣ್ಣೆ ಹೋಗಿ ಗೋಡೆಯಲ್ಲಿ ಕೂರುತ್ತದಾ?

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಮಧ್ಯಾಹ್ನ 3:40

ಬೆಣ್ಣೆ ಬೆಣ್ಣೆಯಾಗಿಯೇ ಹೋಗಿ ಕೂರುವುದಿಲ್ಲ. ಅದರಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಲಿವರಿನ ಮೇಲೆ ಕೆಲಸ ಮಾಡುತ್ತದೆ. ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆ ಎಳೆಯುವ ಕೊಕ್ಕೆಗಳು ಲಿವರಿನಲ್ಲಿ ಕಡಿಮೆಯಾಗುತ್ತವೆ. ಉಂಡೆಗಳು ರಕ್ತದಲ್ಲಿ ಜಾಸ್ತಿ ಹೊತ್ತು ಸುತ್ತುತ್ತವೆ. ಜಾಸ್ತಿ ಸುತ್ತಿದಷ್ಟೂ ಗೋಡೆಯಲ್ಲಿ ಸಿಕ್ಕಿಬೀಳುವುದು ಜಾಸ್ತಿ. ವಾರಕ್ಕೊಮ್ಮೆ ತಿನ್ನುವವನಿಗೂ ದಿನಾ ಎರಡು ತಿನ್ನುವವನಿಗೂ ವ್ಯತ್ಯಾಸ ಇದೆ. ನನ್ನ ಮಟ್ಟಿಗೆ ಬೆಣ್ಣೆಗಿಂತ ಭಯ ಸಂಜೆಯ ಮಿರ್ಚಿ ಬಾಣಲೆಯದು. ಹೋಟೆಲ್ ಡಾಲ್ಡಾದ ಟ್ರಾನ್ಸ್ ಕೊಬ್ಬಿಗೆ 2022ರಿಂದ 2% ಮಿತಿ ಇದೆ, ಒಳ್ಳೆಯದೇ ಆಯಿತು. ಆದರೆ ಒಂದೇ ಎಣ್ಣೆ ಕಪ್ಪಾಗುವ ತನಕ ಕಾಯಿಸಿದರೆ ಏನು ಮಾಡೋಣ.

ರಾತ್ರಿ ಡ್ಯೂಟಿ · ರಾತ್ರಿ 11:50

ತುರ್ತು ವಿಭಾಗದಲ್ಲಿ ಕೆಲಸ. ಎಲ್ಲಾ ಓದಿದೆ. ಪ್ರಶ್ನೆ ಕೇಳಿದವರಿಗೇ ಉತ್ತರ ಸಿಕ್ಕಿಲ್ಲವಲ್ಲ!

ಕುಂದವಾಡ ಸರ್, ನೀವು ಕೆರೆ ಏರಿಯ ಮೇಲೆ ನಡೆಯುತ್ತೀರಿ. ಏರಿ ಒಡೆಯುವುದು ಕೆರೆಯಲ್ಲಿ ಹೂಳು ಜಾಸ್ತಿ ಆಗಿ ಅಲ್ಲ. ಏರಿಯೊಳಗೆ ಏಡಿ ಬಿಲ, ಇಲಿ ಬಿಲ ಆಗಿ ಮಣ್ಣು ಸಡಿಲವಾದಾಗ. ಮೇಲಿಂದ ನೀರು ನೋಡಿದರೆ ಬಿಲ ಕಾಣುತ್ತದಾ? ಆಂಜಿಯೋಗ್ರಾಂ ತೋರಿಸುವುದು ನೀರನ್ನು. ಬಣ್ಣ ಹಾಕಿದ ರಕ್ತ ಹರಿಯುವ ದಾರಿಯ ನೆರಳು ಅದು. ಏರಿಯ ಒಳಗನ್ನಲ್ಲ. ನಿಮ್ಮ ಸಿಟಿ ಸ್ಕ್ಯಾನ್ ಗೋಡೆಯನ್ನೂ ಸ್ವಲ್ಪ ತೋರಿಸುತ್ತದೆ, ಆದರೆ ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗುವುದು ಆ ಶೇಕಡಾ ಅಂಕಿಗೇ.

1987ರಲ್ಲಿ ಗ್ಲಾಗೋವ್ ಅನ್ನುವವರು ಸತ್ತವರ ಹೃದಯದ ನಾಳಗಳನ್ನು ಕೊಯ್ದು ಅಳೆದರು. ಪ್ಲಾಕ್ ಬೆಳೆದಂತೆ ನಾಳ ಹೊರಗಡೆಗೆ ಉಬ್ಬಿ ಜಾಗ ಮಾಡಿಕೊಡುತ್ತದೆ. ಗೋಡೆ ಸುತ್ತುವರಿದ ಒಟ್ಟು ಜಾಗದ ಸುಮಾರು 40% (ನಿಮ್ಮ ರಿಪೋರ್ಟಿನ 40% ಬೇರೆ ಅಳತೆ) ಪ್ಲಾಕ್ ತುಂಬುವ ತನಕ ಒಳದಾರಿ ಕಿರಿದಾಗುವುದೇ ಇಲ್ಲ. ಅಂದರೆ ನಿಮ್ಮ ರಿಪೋರ್ಟಿನಲ್ಲಿ ಕಿರಿದಾದದ್ದು ಕಂಡಿತು ಅಂದರೆ ಕೆಲಸ ಬಹಳ ವರ್ಷದಿಂದ ನಡೆದಿದೆ. 1953ರಲ್ಲಿ ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ನೋಡಿದಾಗ 77% ಮಂದಿಯಲ್ಲಿ ಈ ರೋಗದ ಗುರುತು ಇತ್ತು. ಅವರ ಸರಾಸರಿ ವಯಸ್ಸು 22.

ಈಗ ಅಟ್ಯಾಕ್ ವಿಷಯ. ದುರ್ಗದ ಮೇಡಂ ಹೇಳಿದ ಕುರುವಿನ ಮೇಲೆ ಚರ್ಮ ಇದೆಯಲ್ಲ, ಅದನ್ನು ನಾರಿನ ಟೋಪಿ ಅನ್ನಿ. ಅದನ್ನು ಕಟ್ಟುವವು ನಾಳದ ಸ್ನಾಯುಕೋಶಗಳು. ಅವು ನಡುಪದರದಿಂದ ಮೇಲೆದ್ದು ಬಂದು ಕೊಲಾಜನ್ ಅನ್ನುವ ಗಟ್ಟಿ ನಾರು ನೇಯುತ್ತವೆ. ಗಾರೆ ಕೆಲಸದವರ ಹಾಗೆ. ಇವರಲ್ಲೇ ಕೆಲವರು ಕೆಲಸ ಬಿಟ್ಟು ಮ್ಯಾಕ್ರೊಫೇಜ್ ವೇಷ ಹಾಕುತ್ತಾರೆ ಅನ್ನುವುದು ಇತ್ತೀಚೆಗೆ ಗೊತ್ತಾಯಿತು. ಟಿ-ಕೋಶ ಅನ್ನುವ ಇನ್ನೊಂದು ಜಾತಿಯ ಬಿಳಿ ರಕ್ತಕೋಶಗಳು ಗಾಮಾ ಇಂಟರ್‌ಫೆರಾನ್ ಅನ್ನುವ ಸಂದೇಶ ಬಿಟ್ಟು ಗಾರೆಯವರ ಕೈ ಕಟ್ಟುತ್ತವೆ. ಮ್ಯಾಕ್ರೊಫೇಜ್‌ಗಳು ಎಂಎಂಪಿ ಅನ್ನುವ ಕಿಣ್ವ ಬಿಟ್ಟು ಕಟ್ಟಿದ ಕೊಲಾಜನ್ನನ್ನೇ ಕತ್ತರಿಸುತ್ತವೆ. ಒಂದು ಕಡೆ ಕಟ್ಟುವುದು ನಿಂತಿತು, ಇನ್ನೊಂದು ಕಡೆ ಕೆಡವುವುದು ನಡೆಯಿತು. ಟೋಪಿ ತೆಳ್ಳಗಾಗುತ್ತಾ 65 ಮೈಕ್ರಾನ್‌ಗಿಂತ ಕೆಳಗೆ ಇಳಿದರೆ ಅಪಾಯದ ಪ್ಲಾಕ್ ಅನ್ನುತ್ತಾರೆ. ನಿಮ್ಮ ತಲೆಗೂದಲಿನಷ್ಟು ದಪ್ಪ.

ಒಂದು ದಿನ ಅದು ಬಿರಿಯುತ್ತದೆ. ಬಿಪಿ ಏರಿತೋ, ಸಿಟ್ಟು ಬಂತೋ, ಏನೂ ಇಲ್ಲದೆಯೋ. ಒಳಗಿನ ಟಿಶ್ಯೂ ಫ್ಯಾಕ್ಟರ್ ಅನ್ನುವ ಪ್ರೋಟೀನು ರಕ್ತಕ್ಕೆ ಮುಟ್ಟುತ್ತದೆ. ರಕ್ತಕ್ಕೆ ಅದು ಗಾಯ ಅಂತ ಅನ್ನಿಸುತ್ತದೆ. ಗಾಯ ಮುಚ್ಚುವುದು ಅದರ ಧರ್ಮ. ಪ್ಲೇಟ್‌ಲೆಟ್ ಮುತ್ತುತ್ತವೆ, ಫೈಬ್ರಿನ್ ಅನ್ನುವ ನಾರು ಬಲೆ ಹೆಣೆಯುತ್ತದೆ, ಕೆಲವೇ ನಿಮಿಷದಲ್ಲಿ ಹೆಪ್ಪು. ಬೆಳಿಗ್ಗೆ 40% ಇದ್ದದ್ದು ಮಧ್ಯಾಹ್ನ 100%. ನಿಮ್ಮ ಗೆಳೆಯನಿಗೆ ಆದದ್ದು ಬಹುಶಃ ಇದೇ. ಅವರದು 41, 42 ಅಂತ ಬೆಳೆದದ್ದಲ್ಲ.

ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಲು ನೆರವಾಗುವ ಕಾಕ್ಸ್-1 ಕಿಣ್ವವನ್ನು ಆಸ್ಪಿರಿನ್ ಪೂರ್ತಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸದು ಮಾಡಿಕೊಳ್ಳಲು ಆಗಲ್ಲ, ಅದರ ಏಳರಿಂದ ಹತ್ತು ದಿನದ ಆಯಸ್ಸು ಹಾಗೇ ಮುಗಿಯುತ್ತದೆ. ಅಟ್ಯಾಕ್ ಬಂದಾಗ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫೈಬ್ರಿನ್ ಬಲೆ ಕತ್ತರಿಸುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಸಿಗುವುದು ಇದೇ. ಗಮನಿಸಿ, ಅದು ಹೆಪ್ಪು ಕರಗಿಸುತ್ತದೆ. ಪ್ಲಾಕನ್ನಲ್ಲ. ಎದೆ ಹಿಡಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂತವರನ್ನು ವಾರಕ್ಕೆ ಎರಡು ಸಲ ನೋಡುತ್ತೇನೆ. ಅರ್ಧ ಗಂಟೆ ಸೋಡಾಗೆ ಹೋಗಿರುತ್ತದೆ.

ಕುಂದವಾಡ ದಂಡೆ · ಸೋಮವಾರ, ಬೆಳಿಗ್ಗೆ 7:20

ಇವತ್ತು ಏರಿ ಮೇಲೆ ನಡೆಯುವಾಗ ಕಾಲ ಕೆಳಗಿನ ಮಣ್ಣೇ ನೋಡುತ್ತಿದ್ದೆ! ಹಾಗಾದರೆ ಸ್ಟೆಂಟ್ ಹಾಕಿಸಿಬಿಟ್ಟರೆ ಒಳ್ಳೆಯದಲ್ವಾ? ಆ ಜಾಗ ಭದ್ರ ಆಗುತ್ತದೆ.

ರಾತ್ರಿ ಡ್ಯೂಟಿ · ಬೆಳಿಗ್ಗೆ 7:55

ಒಂದು ಜಾಗ ಭದ್ರ ಆಗಬಹುದು, ಏರಿ ಪೂರ್ತಿ ಅಲ್ಲ. ಮೂರು ನಾಳದಲ್ಲೂ ಕಾಣದ ಕುರುಗಳು ಇರಬಹುದು, ಯಾವುದು ಒಡೆಯುತ್ತದೆ ಅಂತ ಮೊದಲೇ ಹೇಳಲಾಗದು. 2020ರಲ್ಲಿ ಇಸ್ಕೀಮಿಯಾ ಅನ್ನುವ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 5,179 ಮಂದಿ. ಅಟ್ಯಾಕ್ ಆಗದೆ ಸ್ಥಿರವಾಗಿದ್ದವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಮಾತ್ರೆಯಲ್ಲೇ ಇಟ್ಟರೂ, ಸಾವು ಮತ್ತು ಅಟ್ಯಾಕಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಸಮ. ಎದೆನೋವು ಕಡಿಮೆ ಆಗುವುದರಲ್ಲಿ ಲಾಭ ಇತ್ತು, ನಿಜ. ಅಟ್ಯಾಕ್ ನಡೆಯುತ್ತಿರುವಾಗ ಹಾಕುವ ಸ್ಟೆಂಟ್ ಬೇರೆ ವಿಷಯ, ಅದು ಜೀವ ಉಳಿಸುತ್ತದೆ.

ಹರಿಹರದ ಸೊಸೆ · ಬೆಳಿಗ್ಗೆ 10:30

ನಮ್ಮ ಅತ್ತೆಗೆ ಹದಿನೆಂಟು ವರ್ಷದಿಂದ ಶುಗರ್. ಕೊಲೆಸ್ಟರಾಲ್ ನಾರ್ಮಲ್ ಇದ್ದರೂ ಮೂರು ನಾಳದಲ್ಲೂ ಬ್ಲಾಕ್ ಬಂತು. ಸಕ್ಕರೆಗೂ ನಾಳಕ್ಕೂ ಏನು ಸಂಬಂಧ?

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 11:02

ಇದಕ್ಕೆ ಕಾವಲಿಯವರನ್ನೇ ಸಾಕ್ಷಿ ಕರೆಯುತ್ತೇನೆ. ದೋಸೆ ಯಾಕೆ ಕೆಂಪಗಾಗುತ್ತದೆ?

ಕಾವಲಿ · ಬೆಳಿಗ್ಗೆ 11:06

ಕಾವು ಸರಿ ಇದ್ದರೆ. ಮತ್ತೆ ಹಿಟ್ಟು ಹುಳಿ ಬಂದಿದ್ದರೆ.

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 11:28

ಹಿಟ್ಟಿನ ಸಕ್ಕರೆ ಹಿಟ್ಟಿನ ಪ್ರೋಟೀನಿಗೆ ಅಂಟಿಕೊಂಡು ಕಂದು ಬಣ್ಣ ಕೊಡುತ್ತದೆ. 1912ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಮೈಯಾರ್. ಇದೇ ಕೆಲಸ ನಮ್ಮ ಮೈಯಲ್ಲೂ ನಡೆಯುತ್ತದೆ. ಕಾವಲಿಯಲ್ಲಿ ಒಂದು ನಿಮಿಷ, ಮೈಯಲ್ಲಿ ವರ್ಷಗಟ್ಟಲೆ. ನಿಮ್ಮತ್ತೆಗೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಅಂದರೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್, ಈ ಕೆಲಸದ ಮೊದಲ ಮೆಟ್ಟಿಲು.

ಕೊನೆಯ ಮೆಟ್ಟಿಲಿನ ವಸ್ತುಗಳಿಗೆ ಏಜ್ ಅನ್ನುತ್ತಾರೆ. ಅವು ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿ ನಾಳವನ್ನು ಪೆಡಸು ಮಾಡುತ್ತವೆ. ಒಳಪದರದಲ್ಲಿ ಇವುಗಳಿಗೆಂದೇ ರೇಜ್ ಅನ್ನುವ ರಿಸೆಪ್ಟರ್ ಇದೆ, ಅದು ಮತ್ತೆ ಆ ಉರಿಯೂತದ ಸ್ವಿಚ್ಚನ್ನೇ ಒತ್ತುತ್ತದೆ. ಇನ್ನೊಂದು ಮಾತು. ಶುಗರ್ ಇದ್ದವರಲ್ಲಿ ಎಲ್‌ಡಿಎಲ್ ಅಂಕಿ ನಾರ್ಮಲ್ ಕಂಡರೂ ಉಂಡೆಗಳು ಚಿಕ್ಕವಾಗಿ, ಲೆಕ್ಕದಲ್ಲಿ ಜಾಸ್ತಿ ಇರಬಹುದು. ಅಕ್ಕಿ ಚೀಲದ ತೂಕ ಒಂದೇ, ಕಾಳು ಸಣ್ಣ ಆದರೆ ಎಣಿಕೆ ಜಾಸ್ತಿ. ಮಂಡಿಯವರಿಗೆ ಇದು ಹೇಳಬೇಕಾ? ಅಪೊ-ಬಿ ಪರೀಕ್ಷೆ ಎಣಿಸುವುದು ಕಾಳನ್ನು.

ದುರ್ಗದವಳು · ಮಧ್ಯಾಹ್ನ 1:10

ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. ಎಲ್ಲಾ ಅಟ್ಯಾಕೂ ಟೋಪಿ ಬಿರಿದೇ ಆಗುವುದಿಲ್ಲ. ಸವೆತ ಅಂತ ಇನ್ನೊಂದಿದೆ. ಟೋಪಿ ಗಟ್ಟಿಯಾಗಿಯೇ ಇರುತ್ತದೆ, ಮೇಲಿನ ಒಳಪದರ ಮಾತ್ರ ಕಿತ್ತುಹೋಗುತ್ತದೆ. ಅಲ್ಲಿ ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕೋಶಗಳು ತಮ್ಮ ಡಿಎನ್‌ಎಯನ್ನೇ ಬಲೆಯ ಹಾಗೆ ಎಸೆಯುತ್ತವೆ, ಅದರ ಮೇಲೆ ಹೆಪ್ಪು ಕಟ್ಟುತ್ತದೆ. ವಯಸ್ಸು ಕಡಿಮೆ ಇರುವ ಹೆಂಗಸರಲ್ಲಿ ಇದರ ಪಾಲು ಜಾಸ್ತಿ. ಎದೆನೋವಿನ ಜೊತೆ ದವಡೆ, ಬೆನ್ನು ನೋವು, ವಾಕರಿಕೆ, ಸುಸ್ತು ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ. 'ಮುಟ್ಟು ನಿಲ್ಲುವ ಕಾಲ, ಹೀಗೇ' ಅಂತ ಸುಮ್ನೆ ಮಲಗಿಸಿಬಿಡುತ್ತಾರೆ.

ಕಾಕಾ 57 · ಸಂಜೆ 6:15

ನಾನೂ ಒಂದು ಹೇಳಿಬಿಡುತ್ತೇನೆ. ಬೈಯಬೇಡಿ. ಮೂರು ವರ್ಷದ ಹಿಂದೆ ನನಗೂ ಬ್ಲಾಕ್ ಅಂದಿದ್ದರು. 'ಡ್ರಿಪ್ ಹಾಕಿ ನಾಳ ತೊಳೆಯುತ್ತೇವೆ' ಅಂತ ಒಂದು ಕಡೆ ಇಪ್ಪತ್ತು ಸಲ ಕೂರಿಸಿದರು. ಮಗಳ ಮದುವೆಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಹೋಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಆಮೇಲೆ ಕಷಾಯಕ್ಕೆ ಬಂದದ್ದು, ಅದಾದರೂ ಅಗ್ಗ ಅಂತ.

ರಾತ್ರಿ ಡ್ಯೂಟಿ · ರಾತ್ರಿ 9:20

ಬೈಯುವುದೇನಿದೆ ಕಾಕಾ. ಆ ಡ್ರಿಪ್ ಕೀಲೇಶನ್ ಇರಬೇಕು. ಕ್ಯಾಲ್ಸಿಯಂ ಹಿಡಿದು ಹೊರಗೆ ಹಾಕುತ್ತದೆ ಅನ್ನುವ ಲೆಕ್ಕ. ಅಟ್ಯಾಕ್ ಆಗಿದ್ದ ಶುಗರ್ ರೋಗಿಗಳಲ್ಲಿ ಮಾಡಿದ ಟ್ಯಾಕ್ಟ್-2 ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು, ಉಪಯೋಗ ಕಾಣಲಿಲ್ಲ. ಅದಿರಲಿ, ಈಗ ಮಾತ್ರೆ ತಗೊಳ್ಳುತ್ತಿದ್ದೀರಾ ಇಲ್ಲವಾ?

ಕಾಕಾ 57 · ರಾತ್ರಿ 9:31

ಇಲ್ಲ.

ರಾತ್ರಿ ಡ್ಯೂಟಿ · ರಾತ್ರಿ 9:33

ನಾಳೆ ಹಳೇ ಫೈಲ್ ತಗೊಂಡು ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಒಪಿಡಿಗೆ ಹೋಗಿ. ನಾಳೆ ಅಂದರೆ ನಾಳೆ.

ತೋಟದ ಮನೆ · ಮಂಗಳವಾರ, ಬೆಳಿಗ್ಗೆ 6:40

ನನ್ನ ತಮ್ಮನಿಗೆ 39ನೇ ವಯಸ್ಸಿಗೆ ಅಟ್ಯಾಕ್. ಸಣ್ಣ ಮೈ, ತೋಟದಲ್ಲಿ ದುಡಿಯುವವನು. ಎಲ್‌ಡಿಎಲ್ 110. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ, ಅದೊಂದೇ. ನಮ್ಮಪ್ಪನೂ 44ಕ್ಕೆ ಹೋದರು.

ರಾತ್ರಿ ಡ್ಯೂಟಿ · ಬೆಳಿಗ್ಗೆ 8:05

ಹೊಗೆಸೊಪ್ಪು ಸಣ್ಣದಲ್ಲ, ಸೇದದಿದ್ದರೂ ನಿಕೋಟಿನ್ ರಕ್ತಕ್ಕೆ ಹೋಗಿ ನಾಳ ಬಿಗಿಯುತ್ತದೆ. ಆದರೆ ಅಪ್ಪ, ಮಗ ಇಬ್ಬರಿಗೂ ಇಷ್ಟು ಬೇಗ ಅಂದರೆ ಲಿಪೊಪ್ರೋಟೀನ್-ಎ ನೋಡಿಸಿ. ಎಲ್‌ಡಿಎಲ್ ಉಂಡೆಗೆ ಅಪೊ-ಎ ಅನ್ನುವ ಇನ್ನೊಂದು ಬಾಲ ಅಂಟಿದ ವಸ್ತು ಅದು. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದರು. ಹಳಸಿದ ಕೊಬ್ಬನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಎಷ್ಟಿರಬೇಕು ಅನ್ನುವುದನ್ನು ಹೆಚ್ಚಾಗಿ ವಂಶವಾಹಿಯೇ ತೀರ್ಮಾನ ಮಾಡಿರುತ್ತದೆ, ಊಟ ವ್ಯಾಯಾಮಕ್ಕೆ ಜಗ್ಗಲ್ಲ. ಐದರಲ್ಲಿ ಒಬ್ಬರಿಗೆ ಜಾಸ್ತಿ ಇರುತ್ತದೆ. ಡೆಸಿಲೀಟರ್ ರಕ್ತಕ್ಕೆ 50 ಮಿ.ಗ್ರಾಂ ದಾಟಿದರೆ ಲೆಕ್ಕಕ್ಕೆ ತಗೊಳ್ಳುತ್ತಾರೆ. ಮಾಮೂಲಿ ಕೊಲೆಸ್ಟರಾಲ್ ಪರೀಕ್ಷೆಯಲ್ಲಿ ಇದು ಬೇರೆಯಾಗಿ ಕಾಣಲ್ಲ, ಕೇಳಿ ಮಾಡಿಸಬೇಕು. ಜೀವನದಲ್ಲಿ ಒಂದು ಸಲ ಸಾಕು. ತಮ್ಮನಿಗೆ ಮಾತ್ರ ಅಲ್ಲ, ನಿಮಗೂ.

ದುರ್ಗದವಳು · ಬೆಳಿಗ್ಗೆ 10:12

ಒಂದು ಪ್ರಶ್ನೆ ನನ್ನದು. ಇದು ಉರಿಯೂತ ಅಂದ ಮೇಲೆ ಉರಿಯೂತಕ್ಕೇ ಔಷಧ ಕೊಟ್ಟರೆ?

ಟೆಸ್ಟ್‌ಟ್ಯೂಬ್ ಮೇಷ್ಟ್ರು · ಬೆಳಿಗ್ಗೆ 11:20

ಕೊಟ್ಟು ನೋಡಿದ್ದಾರೆ. 2017ರ ಕ್ಯಾಂಟೋಸ್ ಪರೀಕ್ಷೆ. ಅಟ್ಯಾಕ್ ಆಗಿದ್ದ ಹತ್ತು ಸಾವಿರ ಮಂದಿಗೆ ನೀವು ಹೇಳಿದ ಐಎಲ್-1 ಬೀಟಾವನ್ನೇ ತಡೆಯುವ ಇಂಜೆಕ್ಷನ್. ಕೊಲೆಸ್ಟರಾಲ್ ಅಂಕಿ ಅಲ್ಲಾಡಲಿಲ್ಲ. ಆದರೂ 150 ಮಿ.ಗ್ರಾಂ ಡೋಸಿನಲ್ಲಿ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟಿಗೆ 15% ಕಡಿಮೆಯಾಯಿತು. ಉರಿಯೂತದ ವಾದ ಅಲ್ಲಿಗೆ ಕಾಗದದಿಂದ ಮನುಷ್ಯರಿಗೆ ಬಂತು. ಆದರೆ ಸೋಂಕಿನಿಂದ ಸಾಯುವುದು ಸ್ವಲ್ಪ ಜಾಸ್ತಿಯಾಯಿತು, ಬೆಲೆಯೂ ಆಕಾಶದಲ್ಲಿ. ಬಳಕೆಗೆ ಬರಲಿಲ್ಲ.

ಆಮೇಲೆ ಕಾಲ್ಚಿಸಿನ್. ಗೌಟ್ ನೋವಿಗೆ ಕೊಡುವ ಹಳೇ ಅಗ್ಗದ ಮಾತ್ರೆ. ದಿನಕ್ಕೆ ಅರ್ಧ ಮಿ.ಗ್ರಾಂ. 2019 ಮತ್ತು 2020ರ ಎರಡು ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಬಂತು. 2024ರ ಇನ್ನೊಂದರಲ್ಲಿ, ಅಟ್ಯಾಕ್ ಆದ ಕೂಡಲೇ ಶುರು ಮಾಡಿದವರಲ್ಲಿ, ಲಾಭ ಕಾಣಲಿಲ್ಲ. ಜಗಳ ಇನ್ನೂ ನಡೆದಿದೆ. ನಮ್ಮ ಬೇಲಿಯಲ್ಲಿ ಗೌರಿ ಹಬ್ಬದ ಹೊತ್ತಿಗೆ ಕೆಂಪು ಹಳದಿ ಗೌರಿ ಹೂ ಬಿಡುತ್ತದಲ್ಲ, ಅದರ ಗೆಡ್ಡೆಯಲ್ಲೂ ಇರುವುದು ಇದೇ ಕಾಲ್ಚಿಸಿನ್. ಕಾಕಾ, ದಯವಿಟ್ಟು ಅಗೆಯಬೇಡಿ. ಗೆಡ್ಡೆ ತಿಂದವರು ಸತ್ತಿದ್ದಾರೆ.

ಕಾಕಾ 57 · ಬೆಳಿಗ್ಗೆ 11:24

ಒಪಿಡಿ ಸಾಲಿನಲ್ಲಿ ನಿಂತಿದ್ದೇನೆ ಮಾರಾಯ್ರೇ.

ನಿರ್ವಾಹಕ · ಮಧ್ಯಾಹ್ನ 12:00

ಕೋವಿಡ್ ಲಸಿಕೆ, ಹಾಸನದ ಹಠಾತ್ ಸಾವುಗಳ ಸುದ್ದಿ ಅಂತ ಬಂದ ಒಂಬತ್ತು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಗೋಡೆಯ ಮಾತು ಮುಂದುವರಿಯಲಿ. ಮಾತ್ರೆಯ ಡೋಸ್ ಯಾರೂ ಯಾರಿಗೂ ಬರೆಯಬೇಡಿ.

ಕುಂದವಾಡ ದಂಡೆ · ರಾತ್ರಿ 8:45

ಕೊನೆಯ ಪ್ರಶ್ನೆ. ಈ ಕುರು ವಾಪಸ್ ಒಣಗುತ್ತದಾ? ಇಲ್ಲ ಜೀವನಪೂರ್ತಿ ಹೀಗೇನಾ? ಸ್ಟ್ಯಾಟಿನ್ ಮಾತ್ರೆ ಇದರಲ್ಲಿ ಏನು ಮಾಡುತ್ತದೆ?

ಟೆಸ್ಟ್‌ಟ್ಯೂಬ್ ಮೇಷ್ಟ್ರು · ರಾತ್ರಿ 9:30

ಅಕ್ಕಿ ಮಂಡಿಯವರು ಕೇಳಿದಿರಿ, ಅದಕ್ಕೆ ಅಕ್ಕಿಯಿಂದಲೇ ಶುರು. ಜಪಾನಿನ ಅಕಿರಾ ಎಂಡೊ ಎರಡು ವರ್ಷ ಕೂತು ಸುಮಾರು ಆರು ಸಾವಿರ ಬೂಷ್ಟು, ಅಣಬೆಗಳನ್ನು ಪರೀಕ್ಷೆ ಮಾಡಿದರು. 1973ರಲ್ಲಿ ಕೊನೆಗೆ ಬೇಕಾದದ್ದು ಸಿಕ್ಕಿದ್ದು ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದ ನೀಲಿ ಹಸಿರು ಬೂಷ್ಟಿನಲ್ಲಿ. ಮೊದಲ ಸ್ಟ್ಯಾಟಿನ್ ಅದೇ. ಲಿವರಿನಲ್ಲಿ ಕೊಲೆಸ್ಟರಾಲ್ ತಯಾರಾಗುವ ಮುಖ್ಯ ಕಿಣ್ವವನ್ನು ಅದು ತಡೆಯುತ್ತದೆ. ಲಿವರಿಗೆ ಕೊರತೆ ಕಾಣುತ್ತದೆ. ಆಗ ಅದು ರಕ್ತದಿಂದ ಎಲ್‌ಡಿಎಲ್ ಎಳೆಯುವ ಕೊಕ್ಕೆಗಳನ್ನು ಜಾಸ್ತಿ ಹಾಕುತ್ತದೆ. ಬೆಣ್ಣೆ ಮಾಡಿದ್ದರ ಉಲ್ಟಾ.

ರಾತ್ರಿ ಡ್ಯೂಟಿ · ರಾತ್ರಿ 11:40

ಒಣಗುವ ವಿಷಯ ನಾನು ಹೇಳುತ್ತೇನೆ. ಗಾತ್ರ ನೋಡಿದರೆ ನಿರಾಸೆಯಾಗುತ್ತದೆ. 2016ರ ಒಂದು ಪರೀಕ್ಷೆಯಲ್ಲಿ ಎಲ್‌ಡಿಎಲ್ಲನ್ನು 37ರ ಹತ್ತಿರ ಇಳಿಸಿದರೂ ಪ್ಲಾಕಿನ ಪಾಲು ಕಡಿಮೆಯಾದದ್ದು ಸುಮಾರು 1%. ಆದರೆ ಟೋಪಿ ನೋಡಿ. 2022ರ ಪ್ಯಾಕ್‌ಮ್ಯಾನ್ ಪರೀಕ್ಷೆಯಲ್ಲಿ ಅಟ್ಯಾಕ್ ಆದ 300 ಮಂದಿಯನ್ನು ಒಂದು ವರ್ಷ ನೋಡಿದರು. ಬರೀ ಗಟ್ಟಿ ಸ್ಟ್ಯಾಟಿನ್ ತಗೊಂಡವರ ಟೋಪಿ ಮೊದಲಿಗಿಂತ 33 ಮೈಕ್ರಾನ್ ಹೆಚ್ಚು ದಪ್ಪ ಆಯಿತು. ಜೊತೆಗೆ, ಲಿವರಿನ ಆ ಕೊಕ್ಕೆಗಳನ್ನು ಕೆಡಿಸುವ ಪಿಸಿಎಸ್‌ಕೆ-9 ಅನ್ನುವ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ತಗೊಂಡವರದು 63 ಮೈಕ್ರಾನ್ ಹೆಚ್ಚಾಯಿತು. ನೆನಪಿರಲಿ, ಅಪಾಯದ ಗೆರೆ ಇದ್ದದ್ದು 65ರಲ್ಲಿ. ಆಂಜಿಯೋದಲ್ಲಿ 40% ಇದ್ದದ್ದು 40% ಆಗಿಯೇ ಕಾಣಬಹುದು. ಏರಿಗೆ ಮಾತ್ರ ಒಳಗಿಂದ ಕಲ್ಲು ಕಟ್ಟಿದ ಹಾಗಾಗಿರುತ್ತದೆ.

ಮಾತ್ರೆ ಶುರು ಮಾಡಿದ ಮೇಲೆ ಕ್ಯಾಲ್ಸಿಯಂ ಸ್ಕೋರ್, ಅಂದರೆ ಸಿಟಿಯಲ್ಲಿ ಕಾಣುವ ನಾಳದ ಸುಣ್ಣದ ಅಂಕಿ, ಏರಿದರೆ ಹೆದರಿ ನಿಲ್ಲಿಸಬೇಡಿ. ಮೆತ್ತನೆಯದು ಗಟ್ಟಿಯಾಗುವಾಗ ಅದು ಏರುವುದುಂಟು. ನಿಮ್ಮ ಗೆಳೆಯ ಆರು ತಿಂಗಳಿಗೆ ನಿಲ್ಲಿಸಿದರು ಅಂದಿರಲ್ಲ, ಗಾರೆಯವರನ್ನು ಅರ್ಧ ಗೋಡೆಗೆ ಕಳಿಸಿಬಿಟ್ಟ ಹಾಗಾಯಿತು.

ಕುಂದವಾಡ ದಂಡೆ · ಏಳು ವಾರದ ನಂತರ, ಭಾನುವಾರ ಬೆಳಿಗ್ಗೆ 9:00

ಎಳೆ ಮತ್ತೆ ಮೇಲೆತ್ತುತ್ತಿದ್ದೇನೆ. ಎಲ್‌ಡಿಎಲ್ 128 ಇದ್ದದ್ದು 61ಕ್ಕೆ ಬಂತು. ಡಾಕ್ಟರ್ 55ರ ಕೆಳಗೆ ಬೇಕು ಅಂದರು, ಇನ್ನೊಂದು ಮಾತ್ರೆ ಸೇರಿಸಿದರು. ಗೆಳೆಯನಿಗೆ ಈ ಎಳೆಯನ್ನೇ ಓದಿಸಿದೆ. ಏಡಿ ಬಿಲದ ತನಕ ಓದಿ ಫೋನ್ ವಾಪಸ್ ಕೊಟ್ಟ. ಮಾತ್ರೆ ಡಬ್ಬಿ ಈಗ ಜೇಬಿನಲ್ಲೇ ಇಟ್ಟುಕೊಂಡು ವಾಕ್ ಬರುತ್ತಾನೆ. ದೋಸೆ ತಿಂಗಳಿಗೆ ಎರಡು ಅಂತ ಒಪ್ಪಂದ ಆಗಿದೆ.

ಕಾವಲಿ · ಬೆಳಿಗ್ಗೆ 9:04

ಎರಡು ಅಂದರೆ ಎರಡು ಸಲವಾ, ಎರಡು ದೋಸೆಯಾ?

ಕುಂದವಾಡ ದಂಡೆ · ಬೆಳಿಗ್ಗೆ 9:06

ಅದನ್ನು ಒಪ್ಪಂದದಲ್ಲಿ ಬರೆದಿಲ್ಲ.

ತೋಟದ ಮನೆ · ಬೆಳಿಗ್ಗೆ 9:50

ತಮ್ಮನ ಲಿಪೊಪ್ರೋಟೀನ್-ಎ 118 ಬಂತು. ನನ್ನದು 96. ಮಗಳಿಗೆ ಹದಿನಾರು. ಅವಳ ರಕ್ತ ನಿನ್ನೆ ಕೊಟ್ಟು ಬಂದೆವು. ರಿಪೋರ್ಟ್ ಗುರುವಾರ. ಬಂದ ಮೇಲೆ ಇಲ್ಲೇ ಹಾಕುತ್ತೇನೆ.